ಎಸ್ತ್ರೆಯಾಳ ಕರಡು

ಮೂರನೆಯ ಮಹಡಿ. ಲಿಫ್ಟ್ ಕೆಟ್ಟು ವರ್ಷವಾಯಿತು.
ಕಿಟಕಿ ತೆರೆದರೆ ಥೆಸಲೊನೀಕಿಯ ಬಂದರು,
ಕ್ರೇನುಗಳು, ಡೀಸೆಲ್ಲು, ಹುರಿದ ಎಳ್ಳಿನ ವಾಸನೆ.
ಬೆರಳಚ್ಚು ಯಂತ್ರದ ಮುಂದೆ ನಾನು,
ಸೋಫಾದಲ್ಲಿ ಕಾಲು ಮಡಚಿ ಎಸ್ತ್ರೆಯಾ ಬೆನ್‌ರೂಬಿ,
ಕೈಯಲ್ಲಿ ಕೆಂಪು ಪೆನ್ಸಿಲ್ಲು.

ಮೊದಲ ದಿನವೇ ಹೊಡೆದಳು.
"ರೈಲು ಹೆಬ್ಬಾವಿನ ಹಾಗೆ ನುಂಗಿತು. ಯಾರು ಬರೆದದ್ದು ಇದು?"
ನಾನೇ. ಸ್ವಲ್ಪ ಚಂದ ಇರಲೆಂದು.
"ಹೆಬ್ಬಾವು ಹಸಿವಿಗೆ ನುಂಗುತ್ತದೆ, ಕಲಿರೋಯಿ.
ರೈಲಿಗೆ ಹಸಿವಿರಲಿಲ್ಲ. ರೈಲಿಗೆ ದರವಿತ್ತು,
ತಲೆಗಿಷ್ಟು, ಮಕ್ಕಳಿಗೆ ಅರ್ಧ,
ನಮ್ಮಿಂದ ಕಿತ್ತ ದುಡ್ಡಿನಲ್ಲೇ ಲೆಕ್ಕ ಚುಕ್ತಾ.
ಬರಿ: ಸೋಮವಾರ ಹತ್ತಿದೆವು."
ಬರೆದೆ.

ಹೊಗೆಗೆ ಒಂದು ವಿಶೇಷಣ ಕೇಳಿದೆ. ಕೊಡಲಿಲ್ಲ.
ಹಿಮವನ್ನು ಬಿಳಿ ಎನ್ನಲೂ ಬಿಡಲಿಲ್ಲ.
"ಅಂತೆ, ಅಂತೆ ಅನ್ನುವವರು ಕೇಳಿದವರು.
ನಾನು ಅಲ್ಲಿದ್ದವಳು."

ಒಂದು ದಿನ ಪ್ರಕಾಶಕರ ಪತ್ರ ಬಂತು:
ಕೋಟಿನ ಮೇಲೆ ಹೊಲಿದ ಹಳದಿ ನಕ್ಷತ್ರ,
ಎಸ್ತ್ರೆಯಾ ಎಂದರೂ ನಕ್ಷತ್ರವೇ ಅಲ್ಲವೇ,
ಅಪೂರ್ವ ಸಂಕೇತ, ಇನ್ನಷ್ಟು ಬೆಳೆಸಬಹುದು.
ಕೆಮ್ಮು ಬರುವವರೆಗೆ ನಕ್ಕಳು.
"ಅದು ನನ್ನ ಅಜ್ಜಿಯ ಹೆಸರು.
ಅಜ್ಜಿಯ ಗೋರಿಕಲ್ಲು ಕಿತ್ತು ಯಾರದೋ ಅಂಗಳಕ್ಕೆ ಹಾಸಿದರು,
ಹೆಸರು ಮೇಲೆ ಮಾಡಿ.
ಮಳೆಯಲ್ಲಿ ಜಾರಬಾರದು, ನೋಡು,
ಕೆತ್ತಿದ ಅಕ್ಷರ ಕಾಲಿಗೆ ಹಿಡಿತ ಕೊಡುತ್ತದೆ.
ಇದು ಯಾತರ ಸಂಕೇತ, ಕೇಳು ಅವರನ್ನ."

ತೂಕದ ವಿಷಯ ಬಂದರೆ ಮಾತ್ರ ಮಾತಿಗೆ ಲಗಾಮಿಲ್ಲ.
ಅಪ್ಪ ಸಬೆತಾಯ್, ಬಂದರಿನ ಹಮಾಲಿ.
ತಕ್ಕಡಿ ಬೇಡ, ಹೆಗಲು ಸಾಕು.
ಒಣದ್ರಾಕ್ಷಿಯ ಚೀಲ ಹೊತ್ತು, ಕಣ್ಣು ಮುಚ್ಚಿ,
ಇಷ್ಟು ಓಕ, ಇಷ್ಟು ದ್ರಾಮ್ ಎನ್ನುತ್ತಿದ್ದ.
ವ್ಯಾಪಾರಿಗಳು ಪಂದ್ಯ ಕಟ್ಟಿ ಸೋಲುತ್ತಿದ್ದರು.
ಅವನ ಹರೆಯದಲ್ಲಿ ಬಂದರಿಗೆ ಆರು ದಿನ ಗದ್ದಲ,
ಸರಪಳಿ, ಕತ್ತೆ, ನಾಲ್ಕು ಭಾಷೆಯ ಬೈಗುಳ;
ಶನಿವಾರ ಬಂತೆಂದರೆ
ಗ್ರೀಕರ ಹಡಗೂ ತುರ್ಕರ ಹಡಗೂ ಕಾಯಬೇಕು.
ಹಮಾಲರೆಲ್ಲ ಯಹೂದಿಗಳು. ಸಬ್ಬತ್ತು.
ನೀರು ಕಲ್ಲಿಗೆ ತಾಗುವುದು ಬೀದಿಬೀದಿಗೂ ಕೇಳುತ್ತಿತ್ತು.
"ನಾನು ಹುಟ್ಟುವ ಮೊದಲೇ ಹೋಯಿತು ಆ ಪದ್ಧತಿ.
ಅಪ್ಪ ಹೇಳಿದ್ದು. ಇಲ್ಲಿ ಬೇಕಾದರೆ ಹಾಕು ನಿನ್ನ ಅಂತೆ."
ಹಾಕಿದೆ: ಕೇಳುತ್ತಿತ್ತಂತೆ.

ಅರವತ್ತೊಂದನೆಯ ಪುಟ.
ವ್ಯಾಗನ್ನಿನ ಬಾಗಿಲು ತೆರೆದಿದೆ. ಕೂಗು, ನಾಯಿ.
ಮೆಟ್ಟಿಲಿಲ್ಲ. ಅಪ್ಪ ಮೊದಲು ಹಾರಿ
ಹದಿನಾಲ್ಕರ ಹುಡುಗಿಯನ್ನು, ಕಂಕುಳಿಗೆ ಕೈಕೊಟ್ಟು, ಇಳಿಸುತ್ತಾನೆ.
ನೆಲಕ್ಕೆ ಬಿಡುವ ಮೊದಲು ಒಂದು ಗಳಿಗೆ ಹಾಗೇ ಹಿಡಿದು
"ಎರಡು ಓಕ ಇಳಿದಿದ್ದೀಯ" ಎನ್ನುತ್ತಾನೆ.
ಅವನು ಎಡಕ್ಕೆ.

ಅಂಚಿನಲ್ಲಿ ಗುರುತು ಹಾಕಿದ್ದೆ: ಧ್ವನಿ? ಗೂಢಾರ್ಥ?
"ಇಲ್ಲ. ಎತ್ತಿದ, ತೂಗಿದ, ಹೇಳಿದ. ಅವನ ಕಸುಬು."

ಆ ಪುಟದ ಕೆಳಗೆ ಕೆಂಪು ಪೆನ್ಸಿಲ್ಲಿನಲ್ಲಿ
ಅವಳದೇ ಅಕ್ಷರ, ನಾನು ಅಚ್ಚೊತ್ತದ ಒಂದು ಸಾಲು:
ಆಮೇಲೆ ಸದ್ದು ನಿಂತಿತು, ಶನಿವಾರದ ಬಂದರಿನ ಹಾಗೆ.

ಇದನ್ನು ಹೊಡೆಯಲೇ? ಹಾಗೆ ಅಂತ ಇದೆ.

ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದಳು.
"ಉಪಮೆಯಲ್ಲ ಅದು" ಎಂದಳು ಅಲ್ಲಿಂದಲೇ,
"ಸೋಮವಾರ ಹತ್ತಿದ್ದು. ಆರನೆಯ ದಿನ ಇಳಿದದ್ದು.
ನೀನೇ ಎಣಿಸು."

ಮಂಗಳ, ಬುಧ,
ಗುರು.
ಬೆರಳು ಮಡಿಸುತ್ತ ಹೋದೆ.
ಒಳಗೆ ಕಾಫಿ ಉಕ್ಕಿತು. ಅವಳು ಒಲೆಗೆ ಬೈದದ್ದು ಕೇಳಿಸಿತು,
ತಾಯಿಯ ಭಾಷೆಯಲ್ಲಿ.
ಶುಕ್ರ.