ಹೆಪ್ಪು

ಇಪ್ಪತ್ತು ನಿಮಿಷ ಅಲುಗಿಸಬಾರದು.
ಅಷ್ಟೇ ನನ್ನ ವಿದ್ಯೆ.
ಚಮಚೆಗಿಂತ ಕಡಿಮೆ ನೆತ್ತರು, ಒಂದು ಗಾಜಿನ ಕೊಳವೆ,
ಗೋಡೆಯ ಗಡಿಯಾರ.
ಆಮೇಲೆ ಒಮ್ಮೆ ಓರೆ ಮಾಡಿ ನೋಡುವುದು:
ನಿಂತಿತೋ, ಹರಿಯಿತೋ.

ಯೇರೋನನ್ನು ತಂದದ್ದು ಬೈಕಿನ ಮೇಲೆ,
ಓಡಿಸುವವನಿಗೂ ಮಾವನಿಗೂ ನಡುವೆ ಸಿಕ್ಕಿಸಿ,
ಬೆನುವೆ ಬಯಲಿನ ಕೆಂಪು ದಾರಿಯಲ್ಲಿ ಮೂರು ಗಂಟೆ.
ಜೋಳದ ಕೂಳೆಗೆ ದನ ಬಿಟ್ಟಿದ್ದನಂತೆ.
ಕಾದ ಎಣ್ಣೆಗೆ ನೀರು ಸಿಡಿದಂಥ ಸದ್ದು ಕೇಳಿಸಿತಂತೆ,
ಹೊಲದಲ್ಲಿ ಯಾರಪ್ಪಾ ಹುರಿಯುತ್ತಿರುವುದು ಎಂದು ಬಗ್ಗಿದನಂತೆ.
ಹನ್ನೆರಡು ವರ್ಷ. ನಕ್ಕರೆ ಹಲ್ಲಿನ ಸಂದಿಯೆಲ್ಲ ಕೆಂಪು,
ಕೋಲಾ ಬೀಜ ಜಗಿದ ಮುದುಕನ ಹಾಗೆ.
ಮೀನಖಂಡದಲ್ಲಿ ಕರಿಕಲ್ಲು ಕಟ್ಟಿದ್ದ ಗುರುತು, ಬ್ಲೇಡಿನ ಮೂರು ಗೀರು.
ನಿನ್ನೆಯ ಗೀರು, ಇವತ್ತೂ ಒಸರುತ್ತಿದೆ.

ನನ್ನಜ್ಜಿ ಆ ಹಾವಿನ ಹೆಸರೆತ್ತುತ್ತಿರಲಿಲ್ಲ.
‘ನಾಳೆ ದೂರ’ ಎನ್ನುತ್ತಿದ್ದಳು.
ಎರಡು ಗೇಣಿನ ಜೀವ, ಅಷ್ಟು ದೂರ.

ಕೊಳವೆ ತೆಗೆದು ಮೊದಲು ಮೂಸುತ್ತೇನೆ.
ಯೇರೋನ ತಾಯಿ ಕುಂಬೋ ನನ್ನನ್ನೇ ನೋಡುತ್ತಾಳೆ:
ಇವಳೆಂಥ ಡಾಕ್ಟರು?
ಡಾಕ್ಟರಲ್ಲ ತಾಯಿ, ಗಾಜು ಜೋಡಿಸುವವಳು.
ಅವಳು ಹಾಲು ಮಾರುವವಳು. ಹಿಂದಿನ ಬೈಕಿನಲ್ಲಿ ಬಂದಿದ್ದಾಳೆ,
ಸೋರೆಬುರುಡೆ ತೊಡೆಯ ಮೇಲಿಟ್ಟುಕೊಂಡು.
ಅಂಥ ಹೊತ್ತಿನಲ್ಲೂ ಒಂದು ಹನಿ ಚೆಲ್ಲಿಲ್ಲ.

“ಎಷ್ಟು ಹೊತ್ತು?”
“ಇಪ್ಪತ್ತು ನಿಮಿಷ.”
“ಇಷ್ಟು ಬೇಗ ಯಾವ ಹಾಲೂ ಹೆಪ್ಪುಗಟ್ಟುವುದಿಲ್ಲ.”
ತಿರುಗಿ ನೋಡಿದೆ. ನಾನಿನ್ನೂ ಏನೂ ಹೇಳಿರಲಿಲ್ಲ.
ಮೂಲೆಯಲ್ಲಿಡುವುದು, ಅಲುಗಿಸದಿರುವುದು, ಮಕ್ಕಳನ್ನು ಗದರುವುದು,
ಬೆಳಗ್ಗೆ ಮುಚ್ಚಳ ಎತ್ತುವಾಗಿನ ಆ ಒಂದು ಅಳುಕು,
ಅದು ಅವಳ ದಿನನಿತ್ಯ.

ಮುಳ್ಳು ತಿರುಗಿತು. ಓರೆ ಮಾಡಿದೆ.
ಹಾಲಿಲ್ಲದ ಚಹಾದಂತೆ ಹರಿಯಿತು.
ಡಾಕ್ಟರ್ ಬುಲುಸ್ ಫ್ರಿಜ್ಜು ತೆರೆದರು. ಎರಡು ಸೀಸೆ.

ಮೂಸುವುದು ಯಾಕೆಂದರೆ,
ಹೋದ ವರ್ಷ ಮೊದಲ ಮಳೆಗೆ ಹೊಸ ಕೊಳವೆ ಮುಗಿದಿದ್ದವು.
ಹಳೆಯವನ್ನೇ ಸಾಬೂನು ಹಾಕಿ ತಿಕ್ಕಿದೆ,
ಫಳಫಳ ಎನ್ನುವ ಹಾಗೆ, ಅಮ್ಮ ಕಲಿಸಿದ ಹಾಗೆ.
ಸಾಬೂನು ತಾಗಿದ ಗಾಜಿನಲ್ಲಿ ಒಳ್ಳೆಯ ನೆತ್ತರೂ ನಿಲ್ಲುವುದಿಲ್ಲ.
ಯಾರೂ ಹೇಳಿರಲಿಲ್ಲ. ಹೇಳಿದ್ದರೇನೋ,
ನನ್ನ ಕಿವಿ ಎಲ್ಲಿತ್ತೋ.
ಇಲಿ ಕಚ್ಚಿದ ಒಬ್ಬನಿಗೆ ಕೊನೆಯ ಸೀಸೆ ಇಳಿಯಿತು.
ಮೈತುಂಬ ದದ್ದೆದ್ದು, ಕೆರೆದುಕೊಂಡು, ನನಗೆ ಕೈಮುಗಿದು ಹೋದ.
ಮಾರನೆಯ ದಿನ ರಾಹಿಲಾ ಬಂದಳು, ನೆಲಗಡಲೆ ಬಿತ್ತುತ್ತಿದ್ದವಳು,
ಸೆರೆಮುಷ್ಟಿಯಲ್ಲಿ ಇನ್ನೂ ನಾಲ್ಕು ಬೀಜ.
ಅವಳ ಕೊಳವೆ ಸರಿಯಾಗಿತ್ತು.
ಅವಳ ಕೊಳವೆ ಸರಿಯಾಗಿಯೇ ಇತ್ತು.

ಇರಲಿ.

ಎಲ್ಲೋ ಕಡಲಿನಾಚೆ ಒಂದು ಕುದುರೆ
ಚೂರುಚೂರೇ ವಿಷ ಚುಚ್ಚಿಸಿಕೊಂಡು
ನಮ್ಮ ಹಾವನ್ನು ಕಾಣದೆಯೇ ಅದರ ಗುಟ್ಟು ಕಲಿತಿದೆ.
ಅದರ ಕಲಿಕೆ ಹನಿಹನಿಯಾಗಿ ಯೇರೋನ ಮೊಣಕೈಗೆ ಇಳಿಯುತ್ತದೆ.
ನಡುವೆ ಕರೆಂಟು ಹೋಯಿತು, ಜನರೇಟರು ಕೆಮ್ಮಿತು,
ಮಾವ ಹೊರಗೆ ಹೋರಿಯೊಂದರ ಬೆಲೆ ಲೆಕ್ಕ ಹಾಕುತ್ತಿದ್ದ.

ಆರು ಗಂಟೆಯ ಮೇಲೆ ಮತ್ತೊಂದು ಕೊಳವೆ. ಮತ್ತೆ ಇಪ್ಪತ್ತು.
ಓರೆ ಮಾಡಿದೆ. ತಲೆಕೆಳಗು ಮಾಡಿದೆ.
ಬೀಳಲಿಲ್ಲ.
ಕುಂಬೋ ಕಿತ್ತುಕೊಂಡಳು ನನ್ನ ಕೈಯಿಂದ,
ದೀಪಕ್ಕೆ ಹಿಡಿದು, ನನಗಿಂತ ಮೆಲ್ಲಗೆ ವಾಲಿಸಿ ನೋಡಿದಳು.
“ಏನು ಹೆಪ್ಪು ಹಾಕಿದಿರಿ?”
“ಕುದುರೆಯದು.”
“ಕುದುರೆ!” ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು.
“ಅವನಪ್ಪನಿಗೆ ಹೇಳಬೇಡಿ. ನಾವು ದನದ ಜನ.”

ಹೋಗುವಾಗ ಒಂದು ಬಟ್ಟಲು ಮೊಸರು ಬಿಟ್ಟಳು.
ಕತ್ತರಿಸಬಹುದಾದಷ್ಟು ಗಟ್ಟಿ. ನಿಂತೇ ತಿಂದೆ.
ಫ್ರಿಜ್ಜಿನಲ್ಲಿ ಒಂದು ಸೀಸೆ ಉಳಿದಿದೆ.
ಬಟ್ಟಲು ತೊಳೆದೆ,
ಬರಿಯ ನೀರಲ್ಲಿ.