ಎರಡನೇ ಮೊಳಿ

ಮನಸ್ಸು ಬದಲಾತೇನು ಸಾಬಣ್ಣ, ಅಂತ ಕೇಳ್ತೀರಿ.
ನಂದು ಕಟಿಂಗ್ ದುಕಾನ. ತಲಿ ಹೊರಗಿಂದಷ್ಟ ನನಗ ಗೊತ್ತು.
ಒಳಗಿಂದು, ನನ್ನದಾದ್ರೂ ಸೈತ, ಕತ್ತರಿಗೆ ಸಿಗೂದಿಲ್ಲ.

ಗುರುಮಠಕಲ್ ರಸ್ತೆದಾಗ, ಹಿಟ್ಟಿನ ಗಿರಣಿ ಬಾಜೂಕ
ಒಂದು ಖುರ್ಚಿ, ಒಂದು ಸೀಳಿದ ಕನ್ನಡಿ, ಕೆಳಗ ಫರಸಿ ಕಲ್ಲು.
ಮೂರು ತಲಿಮಾರು ಇಲ್ಲಿ ಕೂದಲ ಉದುರ್ಯಾವ,
ಆ ಓಣಿದು ಒಂದೆಳಿ ಬಿದ್ದಿದ್ದಿಲ್ಲ.
ಯಾಕಂತ ನಮ್ಮಪ್ಪ ಹೇಳಲಿಲ್ಲ, ನಾ ಕೇಳಲಿಲ್ಲ.
ಹಂಗ ಇತ್ತು, ಗ್ವಾಡಿ ಇದ್ದಂಗ.

ಹೋದ ವರ್ಷ ಮರಿಲಿಂಗ ಅರ್ಜಿ ಕೊಟ್ಟ.
ತಹಸೀಲ್ದಾರ್ರು ಬಂದ್ರು, ಇಬ್ರು ಪೊಲೀಸ್ರು ಬಂದ್ರು,
ಜೀಪಿನ ಧೂಳ ಕನ್ನಡಿ ಮ್ಯಾಲ ಕುಂತ್ತು.
"ಮಾಡ್ತೀಯೋ, ಬಾಗಿಲಿಗಿ ಸೀಲ್ ಹಾಕೂನೋ?"
ಅವತ್ತು ಕತ್ತರಿ ಹಿಡಿದದ್ದು ಹೆದರಿಕಿ, ನಾನಲ್ಲ.
ಕೈ ನಡುಗಿ ಕಿವಿ ಹಿಂದ ಸಣ್ಣಾಗಿ ಕೊಯ್ತು.
ರಕ್ತ ಬಂತು, ಎಲ್ಲಾರಿಗೂ ಬರೂವಂಥದ್ದ.
ಅದನ್ನ ನೋಡಿ ನನಗ ಜ್ಞಾನ ಆತು ಅಂತ ಬರೀಬ್ಯಾಡ್ರಿ.
ಆಗಲಿಲ್ಲ.
ಫಟಕಿ ಹಚ್ಚಿದೆ, ಅರವತ್ತು ರೂಪಾಯಿ ತಗೊಂಡೆ.

ಮನಿಗಿ ಹೋದ್ರ ಅಯ್ಯಮ್ಮ ಹೊಸ್ತಿಲದಾಗ
ಕೊಡ ಹಿಡಕೊಂಡು ನಿಂತಾಳ. ಬೆನ್ನು ಬಗ್ಗಿಸಿದೆ.
ಸುಡು ಬಿಸಿಲ ದಿನ, ತಣ್ಣನ್ನ ನೀರು,
ಹಿತಾನೂ ಅನಿಸ್ತು. ಹೇಳ್ಲಾಕ ನಾಚಿಕಿ.

"ಒತ್ತಾಯಕ್ಕ ಏನೂ ಆಗೂದಿಲ್ಲ ಸಾಬಣ್ಣ,
ಮೊದಲ ಮನಸ್ಸು ತೊಳೀಬೇಕು," ಅಂತಾರ ಗುರುಪಾದಪ್ಪ ಮಾಸ್ತರು.
ಸಾಲ್ಯಾಗ ಅವರ ಭಾಷಣ ಕೇಳಿದ್ರ ಫರಸಿನೂ ಕರಗಬೇಕು.
ಆ ಜೀಪು ಬಂದು ಹೋದ ಮ್ಯಾಲ
ಅವರು ಕಟಿಂಗಿಗಿ ಯಾದಗಿರಿಗಿ ಹೋಗ್ತಾರ,
ಬಸ್ ಚಾರ್ಜು ಕೊಟ್ಟು. ಅಷ್ಟು ಸ್ವಚ್ಛ ಮನಸ್ಸು
ನನ್ನ ಖುರ್ಚಿಗಿ ಹತ್ತವಲ್ದು.

ಮರಿಲಿಂಗ ತಿಂಗಳಿಗೊಮ್ಮಿ ಬರ್ತಾನ, ಪೊಲೀಸ್ರಿಲ್ಲದ.
ಒಮ್ಮಿ ನಾನ ಅಂದೆ: ಒಳಗ ಇನ್ನೂ ಅದು ಅದ ತಮ್ಮಾ,
ಸುಳ್ಳ್ಯಾಕ ಹೇಳ್ಲಿ?
ಕನ್ನಡಿಯೊಳಗಿಂದ ನನ್ನ ನೋಡಿದ.
"ಇರಲಿ ಕಾಕಾ. ನಿನ್ನ ಒಳಗ ನಾ ಬಾಡಿಗಿ ಕೇಳ್ಲಾಕ ಬಂದಿಲ್ಲ.
ಬಾಜೂದು ಸಣ್ಣ ಮಾಡು."

ಈಗ ಅವನ ತಲಿ ನನ್ನ ಕೈಗಿ ಗೊತ್ತು.
ನೆತ್ತಿ ಮ್ಯಾಲ ಜೋಡಿ ಸುಳಿ, ಎಡಗಡಿದು ಹಟಮಾರಿ,
ನೀರು ಹಚ್ಚಿದ್ರೂ ಏಳತದ.
ಕೂದಲಾಗ ಬಿಳಿ ಪುಡಿ ಇದ್ರ
ಕಲ್ಲಿನ ಮಷೀನಿಗಿ ಹೋಗಿದ್ದ ಅಂತ ತಿಳೀತದ.
ಕೈ ಮುಂದ ಹೊಂಟದೋ,
ಮನಸ್ಸು ಅದರ ಹಿಂದ ಕಾಲು ಎಳಕೋತ ಬರ್ಲಕತ್ತದೋ,
ಬರ್ತದೋ ಇಲ್ಲೋ. ನನಗ ಲೆಕ್ಕ ಹತ್ತೂದಿಲ್ಲ.

ಒಂದು ಮಾತು ಮುಚ್ಚಿಟ್ಟೀನಿ.
ಕನ್ನಡಿ ಬಾಜೂಕ ಎರಡು ಮೊಳಿ ಅವ.
ಒಂದರ ಮ್ಯಾಲ ಊರ ಟವೆಲ್ಲು,
ಇನ್ನೊಂದರ ಮ್ಯಾಲ ಕೆಂಪು ಗೆರಿದು, ಅವನ ಓಣಿದು.
ಸಾಹೇಬ್ರ ಕಣ್ಣಿಗಿ ಬಿದ್ದಿಲ್ಲ.
ಅವನ ಕಣ್ಣಿಗಿ ಮೊದಲ ದಿನಾನ ಬಿದ್ದದ.

ಮೊನ್ನಿ ಸಂಜಿಕ ಅರ್ಧ ಕಟಿಂಗಿನಾಗ ಕರೆಂಟ್ ಹೋತು.
ಗಿರಣಿ ನಿಂತಿತು. ಕತ್ತಲದಾಗ ಕೈ ಚಾಚಿದೆ.
ಊರಂದು ದಪ್ಪ, ಇನ್ನೊಂದು ತೆಳ್ಳಗ,
ಮುಟ್ಟಿದ್ರ ಗೊತ್ತಾಗತದ. ಕೈಗಿ ಬಂದದ್ದು ದಪ್ಪಂದು.
ಗೊತ್ತಿದ್ದೇ ಕೊರಳಿಗಿ ಸುತ್ತಿದೆ.
ಕರೆಂಟ್ ಬಂತು. ಇಬ್ರೂ ಕನ್ನಡಿ ನೋಡ್ಲಿಲ್ಲ.

ಅವ ಹೋದ ಮ್ಯಾಲ ಅದನ್ನ ಒಗೀಬೇಕಂತ
ಬಕೀಟಿನ ತನಕ ಒಯ್ದೆ.
ಒಯ್ದು ನಿಂತೆ, ಭಾಳ ಹೊತ್ತು.

ಮನಸ್ಸಿನ ಸುದ್ದಿ ಬಿಡ್ರಿ.
ಮೊಳಿ ಇನ್ನೂ ಎರಡು ಅವ.
ಕೇಳೂದಾದ್ರ ಅದನ್ನ ಕೇಳ್ರಿ.