ಐದೂವರೆ ಮನೆ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ,
ಬಿತ್ತನೆ ಆಲೂಗಡ್ಡೆಯ ಮಂಡಿಯ ಮೇಲೆ ನನ್ನ ಸಂಗೀತ ಶಾಲೆ.
ನಾವು ತಿನ್ನದ ಗಡ್ಡೆಯ ನೆತ್ತಿಯ ಮೇಲೆ ನನ್ನ ಅನ್ನ.
ಬೋರ್ಡಿನಲ್ಲಿ ಇನ್ನೂ ಹಾಗೇ ಇದೆ: ಮಾಸ್ಟರ್ ಧರಣೇಂದ್ರ.
ಕೆಳಗಿನವರು ಮೇಷ್ಟ್ರೇ ಅನ್ನುತ್ತಾರೆ.
ಎರಡರ ನಡುವೆ ಮೂವತ್ತಾರು ವರ್ಷ.

ಹನ್ನೊಂದನೇ ವಯಸ್ಸಿಗೆ ಕ್ಯಾಸೆಟ್ಟಾದೆ.
ಹೊದಿಕೆಯ ಮೇಲೆ ಕೈಮುಗಿದು ನಾನು,
ಅಮ್ಮ ಬಳಿದ ಪೌಡರು ಕಿವಿಯವರೆಗೆ.
ಹಾಡಿದ್ದು ಏನು ಗೊತ್ತೇ?
"ಕಣ್ಣಿಗೆ ಪೊರೆ ಬಂತು, ಕನ್ನಡಿ ಒರೆಸುವೆ,
ಮಂಡಿಗೆ ಮುಪ್ಪು ಬಂತು, ಮೆಟ್ಟಿಲ ಬೈಯುವೆ."
ಅರಸೀಕೆರೆಯಲ್ಲಿ ಮುದುಕರು ಅತ್ತರು.
ಹೊಳೆನರಸೀಪುರದಲ್ಲಿ ಬಸ್ ಡಿಪೋದ ಮ್ಯಾನೇಜರೊಬ್ಬರು
ವೇದಿಕೆ ಹತ್ತಿ ಬಂದು ಕಾಲಿಗೆ ಬಿದ್ದರು.
ನನಗೆ ಹೊಟ್ಟೆ ಹಸಿದಿತ್ತು.
ಸೂರ್ಯ ಮುಳುಗುವ ಮುಂಚೆ ಉಣ್ಣಿಸಿ ಕಳಿಸುತ್ತಿದ್ದಳು ಅಮ್ಮ,
ಕತ್ತಲಾದ ಮೇಲೆ ನಮ್ಮಲ್ಲಿ ಒಂದು ಅಗುಳೂ ಇಲ್ಲ,
ಕಛೇರಿ ಶುರುವಾಗುತ್ತಿದ್ದುದು ಒಂಬತ್ತಕ್ಕೆ.
ಆ ಹಸಿವನ್ನು ಜನ ವೈರಾಗ್ಯ ಅಂದುಕೊಂಡರು.

ಆಗ ನನ್ನ ಶ್ರುತಿ ಐದೂವರೆ ಮನೆ.
ಹದಿನಾಲ್ಕರ ಶ್ರಾವಣದಲ್ಲಿ, ಬೇಲೂರಿನಲ್ಲಿ,
ಮೇಲಿನ ಷಡ್ಜಕ್ಕೆ ಹೊರಟವನು
ಅರ್ಧ ದಾರಿಯಲ್ಲಿ ಅಪ್ಪನ ದನಿಯಾಗಿ ಇಳಿದೆ.
ಹಾರ್ಮೋನಿಯಂ ಶಾಂತಮಲ್ಲಪ್ಪನವರು ಕೆಮ್ಮಿದರು, ನನ್ನ ಬದಲಿಗೆ.
ಜನ ಒಳ್ಳೆಯವರು, ಚಪ್ಪಾಳೆ ಹೊಡೆದರು.
ಆಮೇಲೆ ಕರೆಯಲಿಲ್ಲ.

ಈಗ ಒಂದು ಮನೆ. ಶ್ರುತಿಯೂ ಅಷ್ಟೇ, ವಾಸವೂ ಅಷ್ಟೇ.
ಎರಡನೆಯದು ಬಾಡಿಗೆಯದು.

ಈಚೆಗೆ ಸಾಲಗಾಮೆ ರಸ್ತೆಯ ಲ್ಯಾಬಿನಲ್ಲಿ
ಚೀಟಿಯ ಮೇಲಿನ ಹೆಸರು ಓದಿ ಹುಡುಗಿ ಸೂಜಿ ಹಿಡಿದೇ ನಿಂತಳು.
"ಮಾಸ್ಟರ್ ಧರಣೇಂದ್ರ ನಿಮಗೇನಾಗಬೇಕು?
ನಮ್ಮಜ್ಜಿ ದಿನಾ ಬೆಳಿಗ್ಗೆ ಹಾಕೋರು."
ದೂರದ ಸಂಬಂಧ ಅಂದೆ.
"ಈಗೇನು ಮಾಡ್ತಿದಾನೆ ಆ ಹುಡುಗ?"
ಆರಾಮಾಗಿದಾನೆ ಅಂದೆ.
ಸಂಜೆ ರಿಪೋರ್ಟು ಬಂತು. ಸಕ್ಕರೆ ಇನ್ನೂರ ಎಂಬತ್ತು.

ಅಂದಿನಿಂದ ಒಂದು ಹಾಡು ಕಟ್ಟುತ್ತಿದ್ದೇನೆ,
ರಾತ್ರಿ, ಮಕ್ಕಳು ಹೋದ ಮೇಲೆ, ಮೊಬೈಲಿನ ತಂಬೂರಿ ಹಾಕಿಕೊಂಡು.
ಅದರಲ್ಲಿ ದೇವರಿಲ್ಲ, ದೇಹವೆಂಬ ಗಡಿಗೆಯಿಲ್ಲ.
ಮಗಳ ಪಿಯುಸಿ ಫೀಸಿನ ಎರಡನೇ ಕಂತಿದೆ.
ಸ್ಕೂಟರಿನ ಇನ್ಶೂರೆನ್ಸ್ ಮುಗಿದ ತಾರೀಕಿದೆ.
ಜಿನಮತಿ ನಿದ್ದೆಗಣ್ಣಲ್ಲೇ ಕೇಳುವ
"ಮಾತ್ರೆ ತಗೊಂಡ್ರಾ" ಇದೆ.
ಅದನ್ನು ಆದಿತಾಳಕ್ಕೆ ಕೂರಿಸುವಷ್ಟರಲ್ಲಿ ಮೂರು ರಾತ್ರಿ ಹೋಯಿತು.
ಕೊನೆಗೆ ಕೇಳಿಸಿದ್ದು: ಅವಳು ಮೊದಲಿಂದಲೂ ಅರ್ಧ ಎಣಿಕೆ ಬಿಟ್ಟೇ
ಎತ್ತಿಕೊಳ್ಳುತ್ತಾಳೆ.

ಹನ್ನೊಂದಕ್ಕೇ ಸಂಸಾರ ಬಿಟ್ಟವನು ನಾನು, ಹಾಡಿನಲ್ಲಿ.
ನಲವತ್ತೇಳಕ್ಕೆ ಒಂದೊಂದೇ ವಾಪಸು ತರುತ್ತಿದ್ದೇನೆ,
ಸ್ಟವ್ ಲೈಟರು, ಹಾಲಿನ ಲೆಕ್ಕ, ಬೆಳಗಿನ ಜಾವದ ಭಯ.

ನಿನ್ನೆ ಪಲ್ಲವಿ ಮುಗಿಸಿ ಅನುಪಲ್ಲವಿಗೆ ಏರುವಾಗ
ಗಂಟಲು ಅಲ್ಲೇ ನಿಂತಿತು,
ಬೇಲೂರಿನಲ್ಲಿ ನಿಂತ ಜಾಗದಲ್ಲೇ.
ಕೆಳಗೆ ಲಾರಿ ಇಳಿಸುತ್ತಿದ್ದ ಬೋರಲಿಂಗ
ಬೆನ್ನ ಮೇಲೆ ಮೂಟೆ ಇಟ್ಟುಕೊಂಡೇ ಕೂಗಿದ:
"ಮೇಷ್ಟ್ರೇ, ಆ ಮಾತ್ರೆ ಹಾಡು ಯಾಕೆ ನಿಲ್ಸಿದ್ರಿ?
ನಮ್ಮನೇಲೂ ಹಿಂಗೇ ಕೇಳ್ತಾಳೆ."
"ಮೇಲಿಂದು ಸಿಗ್ತಿಲ್ಲ ಕಣಪ್ಪ."
"ಕೆಳಗಿಂದ್ಲೇ ಹೇಳಿ ಅತ್ಲಾಗೆ. ನಾವಿರೋದೂ ಕೆಳಗೇ."

ಮೂಟೆ ದೊಪ್ಪನೆ ಬಿತ್ತು.
ಧೂಳು ಮೆಟ್ಟಿಲು ಹತ್ತಿ ಬಂತು.
ಕೆಮ್ಮಿದೆ, ಈ ಸಲ ನಾನೇ,
ಕೆಳಗಿನ ಪಂಚಮ ತಡಕುತ್ತ.